ಬಾಯಿಗೆ ಅಡ್ಡ ಹಿಡಿದ ಕೈ

ನನ್ನ ತಂಗಿಯ ಮಗಳು ಕಳೆದ ತಿಂಗಳು ಮನೆಗೆ ಬಂದಿದ್ದಳು. ಊಟದ ನಡುವೆ ಇದ್ದಕ್ಕಿದ್ದಂತೆ ಕೇಳಿದಳು, "ದೊಡ್ಡಮ್ಮ, ನನ್ನ ಉಮ್ಮ ನಗುವಾಗ ಹೇಗೆ ಕಾಣ್ತಿದ್ರು?"

ಅವಳಿಗೇ ಈಗ ಮೊಮ್ಮಕ್ಕಳಿದ್ದಾರೆ. ಆದರೆ ಹೆತ್ತ ಉಮ್ಮನ ಮುಖ ಅವಳಿಗೆ ಗೊತ್ತಿಲ್ಲ. ಅವಳು ಹುಟ್ಟಿದ ಮೂರನೇ ದಿನ ನನ್ನ ತಂಗಿ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ನಾನು "ಚಂದ ಕಾಣ್ತಿದ್ದಳು" ಎಂದು ಹೇಳಿ, ಸಾರು ತರುವ ನೆವದಲ್ಲಿ ಅಡುಗೆಮನೆಗೆ ಹೋದೆ. ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ನಾಲ್ಕು ವರ್ಷ ತುಂಬದ ಮಗುವಿನ ನಗು. ಆಮೇಲೆ ಹದಿನೆಂಟನೇ ವಯಸ್ಸಿನಲ್ಲಿ ಸಾಯುವವರೆಗೆ ಆ ನಗುವನ್ನು ಯಾರೂ ಪೂರ್ತಿಯಾಗಿ ನೋಡಲಿಲ್ಲ. ಅದಕ್ಕೆ ಕಾರಣ ನಾನು. ತಂಗಿಯ ಮಗಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಿಡುತ್ತೇನೆ, ನಾನು ಹೋದ ಮೇಲೆ ಓದಿಕೊಳ್ಳಲಿ. ನಮ್ಮ ಮನೆಮಾತು ಬ್ಯಾರಿ. ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ಹಾಕಿದ್ದೇನೆ.

ಸಾವಿರದ ಒಂಬೈನೂರ ಐವತ್ತು ಕಳೆದು ಒಂದೆರಡು ವರ್ಷ ಆಗಿತ್ತು. ನಾವು ಬೆಳ್ಳಾರೆ ಪೇಟೆಯ ಹಿಂದಿನ ಓಣಿಯಲ್ಲಿದ್ದೆವು. ಬಾಪ ಪೇಟೆಯ ಒಂದು ಜಿನಸಿನ ಅಂಗಡಿಯಲ್ಲಿ ತೂಕ ಮಾಡಿ ಪೊಟ್ಟಣ ಕಟ್ಟಿ ಕೊಡುವ ಕೆಲಸದಲ್ಲಿದ್ದರು. ಉಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಬಾಪನ ಉಮ್ಮ, ಅಂದರೆ ನಮ್ಮ ಅಜ್ಜಿ, ಜಗಲಿಯ ಮೂಲೆಯಲ್ಲಿ ಕುಳಿತು ಎಲ್ಲರನ್ನೂ ಆಳುತ್ತಿದ್ದರು. ನಾನು ದೊಡ್ಡವಳು. ನಡುವೆ ಎರಡು ಗಂಡುಮಕ್ಕಳು ಹುಟ್ಟಿ ಉಳಿಯಲಿಲ್ಲ. ಹಾಗಾಗಿ ತಂಗಿಗೂ ನನಗೂ ಆರು ವರ್ಷದ ಅಂತರ.

ನನ್ನ ಶಾಲೆ ಎರಡನೇ ಕ್ಲಾಸಿಗೇ ಮುಗಿಯಿತು, ಆದರೆ ಓದುವ ಚಟ ಮುಗಿಯಲಿಲ್ಲ. ಬಾಪ ಅಂಗಡಿಯಿಂದ ತರುವ ಪೊಟ್ಟಣದ ಕಾಗದವೇ ನನ್ನ ಪುಸ್ತಕ. ಒಂದು ಕಥೆಯ ನಡುಭಾಗ ಕೊತ್ತಂಬರಿ ಪೊಟ್ಟಣದಲ್ಲಿ ಬಂದರೆ ಅದರ ಕೊನೆ ಯಾರ ಮನೆಯ ಮೆಣಸಿನ ಪೊಟ್ಟಣಕ್ಕೆ ಹೋಯಿತೋ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ತಂಗಿಯ ಹಲ್ಲು ಹಾಳಾದದ್ದು ನನ್ನ ಈ ಓದಿನಿಂದ.

ಬೀಡಿ ಕಟ್ಟುವವರ ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ದೊಡ್ಡ ತಾಪತ್ರಯ. ಉಮ್ಮನ ಮಡಿಲಲ್ಲಿ ಮೊರದಂಥ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ಕತ್ತರಿ. ತಂಗಿ ಅಂಬೆಗಾಲಿಡಲು ಕಲಿತದ್ದೇ ಆ ಗೆರಸೆಯ ಕಡೆಗೆ. ಒಂದು ದಿನ ಹೊಗೆಸೊಪ್ಪಿನ ಪುಡಿಯನ್ನು ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡು, ವಾಂತಿ ಮಾಡಿ, ಕಣ್ಣು ಮೇಲೆ ಮಾಡಿಬಿಟ್ಟಳು. ಅವತ್ತಿನಿಂದ ಅವಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

"ಗೆರಸೆ ಹತ್ತಿರ ಇವಳು ಬಂದ್ರೆ ನಿನ್ನ ಕಾಲು ಮುರೀತೇನೆ" ಎಂದರು ಉಮ್ಮ.

ನನಗೆ ಕಾಲೂ ಬೇಕಿತ್ತು, ಓದೂ ಬೇಕಿತ್ತು. ಬಾಪ ಅಂಗಡಿಯಲ್ಲಿ ಒಡೆದು ಉಳಿದ ಓಲೆಬೆಲ್ಲದ ಚೂರುಗಳನ್ನು ತರುತ್ತಿದ್ದರು. ಹಳೆಯ ಬಿಳಿ ತುಂಡುಬಟ್ಟೆಯಲ್ಲಿ ಒಂದು ಚೂರು ಬೆಲ್ಲ ಇಟ್ಟು, ಗಂಟು ಹಾಕಿ, ನೀರಿನಲ್ಲಿ ಅದ್ದಿ ಅವಳ ಬಾಯಿಗೆ ಕೊಟ್ಟೆ. ಮಗು ಎರಡು ಗಂಟೆ ಗಪ್‌ಚಿಪ್. ಅದನ್ನು ಚೀಪುತ್ತಲೇ ನಿದ್ದೆ ಹೋಗುತ್ತಿದ್ದಳು, ಗಂಟು ಬಾಯಲ್ಲೇ ಇರುತ್ತಿತ್ತು. ನಾನು ಪಕ್ಕದಲ್ಲಿ ಕೊತ್ತಂಬರಿ ವಾಸನೆಯ ಕಥೆ ಓದುತ್ತಿದ್ದೆ. ಉಮ್ಮನಿಗೆ ಗೆರಸೆಯಿಂದ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಹೀಗೆ ಒಂದೆರಡು ದಿನವಲ್ಲ, ಎರಡು ವರ್ಷ ನಡೆಯಿತು.

ತಂಗಿಯ ನಗುವಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅವಳು ನಕ್ಕರೆ ಬಾಯಿ ಇಡೀ ತೆರೆಯುತ್ತಿತ್ತು, ನಾಲಗೆಯ ಬುಡದವರೆಗೆ ಕಾಣುತ್ತಿತ್ತು. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಕುಣಿಸಿ ನಗುವಳು. ಓಣಿಯಲ್ಲಿ ಹೋಗುವ, ಮದರಸದಲ್ಲಿ ಕಲಿಸುವ ಗಂಭೀರದ ಮುಸ್ಲಿಯಾರರು ಕೂಡ ಅದನ್ನು ಕೇಳಿ ಒಂದು ಗಳಿಗೆ ನಿಂತು, ಗಡ್ಡದೊಳಗೆ ನಕ್ಕು ಮುಂದೆ ಹೋಗುತ್ತಿದ್ದರು. ಅಜ್ಜಿ ಮಾತ್ರ "ಹೆಣ್ಣಿಗೆ ಇಷ್ಟು ದೊಡ್ಡ ಬಾಯಿಯಾ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಅವಳನ್ನು ಇನ್ನೊಮ್ಮೆ ನಗಿಸುತ್ತಿದ್ದರು.

ಮೂರು ವರ್ಷ ಕಳೆಯುವ ಹೊತ್ತಿಗೆ ಮೇಲಿನ ಎದುರು ಹಲ್ಲುಗಳಲ್ಲಿ ಮೊದಲು ಬಿಳಿ ಗೆರೆ, ಆಮೇಲೆ ಕಂದು ಗುಳಿ. ನೋಡನೋಡುತ್ತ ಹಲ್ಲಿನ ಅಂಚು ಪುಡಿಯಾಗಿ ಉದುರತೊಡಗಿತು. ತಣ್ಣೀರು ತಾಗಿದರೆ ಚೀರುವಳು. ಗಂಜಿಯ ಅಗುಳು ಸಿಕ್ಕಿಕೊಂಡರೆ ಕೆನ್ನೆ ಹಿಡಿದು ನೆಲದ ಮೇಲೆ ಹೊರಳುವಳು. ನಗು ನಿಂತುಹೋಯಿತು. ಎತ್ತಿಕೊಂಡರೆ ಹೂವಿನ ಹಾಗೆ ಹಗುರ, ಅಷ್ಟು ಸೊರಗಿದ್ದಳು.

"ಹುಳ ಹಿಡಿದದ್ದು" ಎಂದರು ಅಜ್ಜಿ. ಹುಳಕ್ಕೆ ಅವರಲ್ಲಿ ಮದ್ದಿತ್ತು. ಕಬ್ಬಿಣದ ಸಟ್ಟುಗವನ್ನು ಕೆಂಪಗೆ ಕಾಯಿಸಿ, ಅದರ ಮೇಲೆ ಕುದನೆಕಾಯಿ ಎಂಬ ಕಾಡುಬದನೆಯ ಎಣ್ಣೆ ಸವರಿದ ಬೀಜ ಹಾಕುವುದು. ಮೇಲೆ ತೂತಿರುವ ತೆಂಗಿನ ಗೆರಟೆ ಮುಚ್ಚಿ, ಆ ತೂತಿಗೆ ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಎಲೆಯ ಟೊಳ್ಳು ದಂಟು ಸಿಕ್ಕಿಸಿ, ಹೊಗೆಯನ್ನು ಹಲ್ಲಿಗೆ ಬಿಡುವುದು. ನಾನು ತಲೆ ಹಿಡಿದುಕೊಂಡೆ, ಉಮ್ಮ ಕೈಕಾಲು ಹಿಡಿದುಕೊಂಡರು. ಹೊಗೆ ಬಿಟ್ಟಾದ ಮೇಲೆ, ಸಟ್ಟುಗದ ಕೆಳಗೆ ಇಟ್ಟಿದ್ದ ಬಟ್ಟಲಿನ ನೀರಿಗೆ ಬಿದ್ದ ಬಿಳಿ ಎಳೆಗಳನ್ನು ಅಜ್ಜಿ ಬೆರಳು ಮಾಡಿ ತೋರಿಸಿದರು, "ನೋಡಿ, ಎಷ್ಟು ಹುಳ!" ನಾನು ಆಮೇಲೆ ಆ ಬಟ್ಟಲನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿಸಿಗೆ ಒಡೆದ ಬೀಜದಿಂದ ಸಿಡಿದ ತಿರುಳು ಅದು. ಹೇಳುವ ಧೈರ್ಯ ಬರಲಿಲ್ಲ. ತಂಗಿಯ ತುಟಿಯ ಮೇಲೆ ಬೊಕ್ಕೆ ಎದ್ದಿತ್ತು.

ಪೇಟೆಯಲ್ಲಿ ಇಕ್ಕಳದಿಂದ ಹಲ್ಲು ಕೀಳುವವನೊಬ್ಬನಿದ್ದ. ದೊಡ್ಡ ಗಂಡಸರೇ ಅವನ ಮುಂದೆ ಕುಳಿತು ಅಳುತ್ತಿದ್ದರು. ಅವನಲ್ಲಿಗೆ ಒಯ್ಯಲು ಬಾಪನಿಗೆ ಮನಸ್ಸಾಗಲಿಲ್ಲ. ಸಂತೆಯ ದಿನ ಪುತ್ತೂರಿಗೆ ಒಬ್ಬ ಹಲ್ಲಿನ ಡಾಕ್ಟರು ಬರುತ್ತಾರೆ ಎಂದು ಅಂಗಡಿಗೆ ಬಂದ ಯಾರೋ ಹೇಳಿದ್ದರು. ಬಾಪ ಆ ದಿನ ರಜೆ ಕೇಳಿದರು. ಮಗು ನನ್ನ ಮುಂದೆ ಬಿಟ್ಟು ಬೇರೆ ಯಾರ ಮುಂದೆಯೂ ಬಾಯಿ ತೆರೆಯುತ್ತಿರಲಿಲ್ಲ, ಹಾಗಾಗಿ ನನ್ನನ್ನೂ ಕರೆದುಕೊಂಡರು. ಬಸ್ಸಿನಲ್ಲಿ ಪುತ್ತೂರು ಮುಟ್ಟುವವರೆಗೂ ಅವಳು ನನ್ನ ಹೆಗಲಿಗೆ ಕೆನ್ನೆ ಒತ್ತಿ ಕುಳಿತಿದ್ದಳು.

ಡಾಕ್ಟರ ಕೋಣೆ ಒಂದು ಜವಳಿ ಅಂಗಡಿಯ ಹಿಂದುಗಡೆ ಇತ್ತು. ಮರದ ಕುರ್ಚಿ, ಅದರ ಪಕ್ಕ ಹೊಲಿಗೆ ಮಿಷನ್ನಿನ ಹಾಗೆ ಕಾಲಲ್ಲಿ ತುಳಿದು ತಿರುಗಿಸುವ ಒಂದು ಯಂತ್ರ, ತುದಿಯಲ್ಲಿ ಸೂಜಿ. ಅದನ್ನು ಕಂಡದ್ದೇ ತಂಗಿ ನನ್ನ ಕುತ್ತಿಗೆಗೆ ಜೋತುಬಿದ್ದು ಕಿರುಚತೊಡಗಿದಳು. ಡಾಕ್ಟರು ವಯಸ್ಸಾದವರು, ತೆಳ್ಳಗಿನ ಮನುಷ್ಯ. ಎದ್ದು ಆ ಯಂತ್ರದ ಮೇಲೆ ತಮ್ಮ ಹೆಗಲ ಮೇಲಿನ ಬೈರಾಸು ಹೊದಿಸಿ ಬಂದರು.

"ಅದಕ್ಕೆ ಇವತ್ತು ಜ್ವರ, ಮಲಗಿದೆ" ಎಂದು ಅವಳಿಗೆ ಹೇಳಿದರು. ಆಮೇಲೆ ಬಾಪನ ಕಡೆ ತಿರುಗಿ, "ಹೆದರ್ಬೇಡಿ ಬ್ಯಾರಿಗಳೇ. ಕೀಳುದೂ ಇಲ್ಲ, ಕೊರೆಯುದೂ ಇಲ್ಲ. ಬೆಳ್ಳಿಯಿಂದ ಮಾಡಿದ ಒಂದು ಮದ್ದು ಉಂಟು. ಹಚ್ಚಿ ಬಿಡ್ತೇನೆ, ಅಷ್ಟೇ."

"ನೋವಾಗ್ತದಾ ಡಾಕ್ಟ್ರೇ?"

"ಹಚ್ಚುವಾಗ ಸ್ವಲ್ಪ ಕಹಿ. ನೋವು ಎಂತದೂ ಇಲ್ಲ."

ಅವಳು ನನ್ನ ಮಡಿಲಲ್ಲಿ ಮಲಗಿದಳು. ನನ್ನ ಎಡಗೈಯ ತೋರುಬೆರಳಿನಿಂದ ಅವಳ ಮೇಲ್ದುಟಿಯನ್ನು ಎತ್ತಿ ಹಿಡಿಯಲು ಡಾಕ್ಟರು ಹೇಳಿಕೊಟ್ಟರು. ಹತ್ತಿಯಿಂದ ಹಲ್ಲು ಒಣಗಿಸಿ, ಕಪ್ಪು ಕಾಗದ ಸುತ್ತಿದ ಕುಪ್ಪಿಯಿಂದ ಒಂದು ಹನಿ ತೆಗೆದು, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಗುಳಿ ಗುಳಿಗೂ ಮುಟ್ಟಿಸಿದರು. ಮೇಲಿಂದ ಲವಂಗದ ಎಣ್ಣೆ. ಕೋಣೆಯೆಲ್ಲ ಬಿರಿಯಾನಿಯ ದಿನದ ಅಡುಗೆಮನೆಯ ಪರಿಮಳ. ತಂಗಿ ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ಬಾಯಿ ತೆರೆದುಕೊಂಡೇ ಇದ್ದಳು.

"ಹುಳುಕು ಇರುವಲ್ಲೆಲ್ಲ ಕಪ್ಪಾಗ್ತದೆ" ಎಂದರು ಡಾಕ್ಟರು. "ಕಪ್ಪಾಗಿ ಗಟ್ಟಿಯಾಯ್ತು ಅಂದ್ರೆ ಹುಳುಕು ಅಲ್ಲಿಗೇ ನಿಂತಿತು ಅಂತ ತಿಳ್ಕೊಳ್ಳಿ. ಕಪ್ಪು ನೋಡಿ ಗಾಬರಿ ಮಾಡ್ಬೇಡಿ, ಉಜ್ಜಿ ತೆಗೀಲಿಕ್ಕೂ ಹೋಗ್ಬೇಡಿ. ಹಾಲುಹಲ್ಲಲ್ವಾ, ಸಮಯ ಬಂದಾಗ ತಾನೇ ಬೀಳ್ತದೆ. ಅಲ್ಲಿವರೆಗೆ ಮಗು ತಿನ್ಬೇಕು, ನಗ್ಬೇಕು. ಇನ್ನೆರಡು ಸಲ ಕರ್ಕೊಂಡು ಬನ್ನಿ." ಕೈ ತೊಳೆಯುತ್ತ ಕೇಳಿದರು, "ಮಲಗುವಾಗ ಇವಳ ಬಾಯಿಗೆ ಸಿಹಿ ಕೊಡುದು ಯಾರು?"

ಬಾಪ ನನ್ನನ್ನು ನೋಡಲೇ ಇಲ್ಲ. "ಇವಳ ತಾಯಿ ಇರ್ಬೇಕು, ನಾನು ಹೇಳ್ತೇನೆ" ಎಂದರು. ನಾನು ತಂಗಿಯ ತುಟಿ ಒರೆಸುತ್ತ ಕುಳಿತೆ. ಮನೆಗೆ ಬಂದು ಬಾಪ ಉಮ್ಮನಿಗೆ ಚೆನ್ನಾಗಿ ಬೈದರು. ಉಮ್ಮ ಗೆರಸೆಯಿಂದ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, "ಇನ್ನು ಕೊಡುದಿಲ್ಲ" ಎಂದಷ್ಟೇ ಹೇಳಿದರು. ಅವರಿಗೆ ಗೊತ್ತಿತ್ತು. ಸಾಯುವವರೆಗೂ ಆ ಮಾತನ್ನು ನನ್ನ ಮುಂದೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಮದ್ದಿನ ಒಂದು ಹನಿ ನನ್ನ ಬೆರಳಿಗೂ ತಾಗಿತ್ತು. ಮರುದಿನ ಎದ್ದು ನೋಡಿದರೆ ಬೆರಳ ತುದಿ ಮಸಿ ಅದ್ದಿದ ಹಾಗೆ ಕಪ್ಪು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ತಂಗಿಯ ಹಲ್ಲೂ ಕಪ್ಪಾಗಿತ್ತು. ಅವಳು ನನ್ನ ಬೆರಳನ್ನು ಹಿಡಿದು, ಬಾಯಿ ತೆರೆದು ತನ್ನ ಹಲ್ಲಿನ ಪಕ್ಕ ಇಟ್ಟು, "ಎರಡೂ ಒಂದೇ" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ನಾನು ಕೂಡ ನಕ್ಕೆ, ನಗುತ್ತ ಕಣ್ಣು ತುಂಬಿತು.

ಮೂರು ಸಲ ಹಚ್ಚಿಸಿ ಬಂದ ಮೇಲೆ ನೋವು ಪೂರ್ತಿ ಹೋಯಿತು. ಮಗು ರೊಟ್ಟಿ ಕಚ್ಚಿ ತಿಂದಳು, ಮೀನು ತಿಂದಳು, ಗುಂಡಗಾದಳು. ಮೊದಲಿನ ಹಾಗೇ ತಲೆ ಹಿಂದಕ್ಕೆ ಹಾಕಿ ನಗತೊಡಗಿದಳು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ನಮ್ಮ ಕಡೆ ಕಪ್ಪು ಹಲ್ಲೆಂದರೆ ಕೊಳೆತ ಹಲ್ಲು. ಕಪ್ಪಾದರೆ ವಾಸಿಯಾಯಿತು ಎಂಬ ಡಾಕ್ಟರ ಮಾತನ್ನು ಓಣಿಗೆಲ್ಲ ಹೇಗೆ ತಿಳಿಸಿ ಹೇಳುವುದು? ಅಜ್ಜಿ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ಎರಡು ದಿನ ಉಜ್ಜಿ ನೋಡಿದರು. ಕರಿ ತೆಗೆಯಲು ಕರಿಯನ್ನೇ ಉಜ್ಜಿದರೆ ಎಂತ ಆಗಬೇಕು? ಬಾಪ ಗದರಿದ ಮೇಲೆ ಬಿಟ್ಟರು.

ಅದೇ ವರ್ಷ ಉಮ್ಮನ ತಂಗಿಯನ್ನು, ನಮ್ಮ ಚಿಕ್ಕಮ್ಮನನ್ನು, ಹುಡುಗನ ಕಡೆಯ ಹೆಂಗಸರು ನೋಡಲು ಬರುವುದೆಂದಾಯಿತು. ಚಿಕ್ಕಮ್ಮನ ಉಮ್ಮ ಬಾಪ ಇಬ್ಬರೂ ಇರಲಿಲ್ಲ, ಹಾಗಾಗಿ ನೋಡುವ ಶಾಸ್ತ್ರ ನಮ್ಮ ಮನೆಯಲ್ಲೇ. ಮೂವರು ಹೆಂಗಸರು ಬಂದು ಚಾಪೆಯ ಮೇಲೆ ಕುಳಿತರು. ತಂಗಿ ಎಲ್ಲಿಂದಲೋ ಓಡಿಬಂದು ಅವರ ನಡುವೆ ನಿಂತು, ಯಾರೋ ಕೆನ್ನೆ ಹಿಂಡಿದ್ದಕ್ಕೆ ಬಾಯಿ ತುಂಬ ನಕ್ಕಳು. ಹೆಂಗಸರ ಮುಖ ಇಳಿಯಿತು.

"ಇದೆಂತ ಮಾರಾಯ್ತಿ, ಈಗಲೇ ಹೊಗೆಸೊಪ್ಪು ತಿನ್ತಾಳಾ?" ಎಂದರು ಒಬ್ಬರು. ಇನ್ನೊಬ್ಬರು ದನಿ ತಗ್ಗಿಸಿ, "ಮನೆತನದಲ್ಲೇ ಉಂಟಾ ಹೇಗೆ?" ಎಂದು ಕೇಳಿ ಚಿಕ್ಕಮ್ಮನ ಬಾಯಿಯ ಕಡೆ ನೋಡಿದರು.

ಸಂಬಂಧ ಮುರಿದುಬಿತ್ತು. ಹಲ್ಲಿನಿಂದಲೋ, ಬೇರೆ ಕಾರಣದಿಂದಲೋ ದೇವರಿಗೆ ಗೊತ್ತು. ಚಿಕ್ಕಮ್ಮ ಅತ್ತರು. ಅಜ್ಜಿ ನನ್ನನ್ನು ಕರೆದು, "ಇನ್ನೊಂದು ಕಡೆಯವರು ಬರುವ ವಾರ ಬರ್ತಾರೆ. ಅಷ್ಟರಲ್ಲಿ ಇದರ ಬಾಯಿ ಮುಚ್ಚಿಸುವ ದಾರಿ ನೋಡು" ಎಂದರು.

ದಾರಿ ನನಗೆ ಕೂಡಲೇ ಹೊಳೆಯಿತು. ಹತ್ತು ವರ್ಷದ ನನಗೆ ನನ್ನ ಜಾಣತನದ ಬಗ್ಗೆ ಬಹಳ ಹೆಮ್ಮೆಯಿತ್ತು. ಹಿತ್ತಿಲಲ್ಲಿ ಅವಳನ್ನು ಕೂರಿಸಿ ಆಟ ಹೇಳಿಕೊಟ್ಟೆ. ನಗು ಬಂದ ಕೂಡಲೇ ಬಲಗೈಯನ್ನು ಬಾಯಿಗೆ ಅಡ್ಡ ಹಿಡಿಯಬೇಕು. ಹಿಡಿದರೆ ಒಂದು ಚೂರು ಬೆಲ್ಲ, ಮರೆತರೆ ಇಲ್ಲ. ಹೌದು, ಬೆಲ್ಲವೇ. ಡಾಕ್ಟರು ಬೇಡವೆಂದ ಅದೇ ಬೆಲ್ಲವನ್ನು ಕೊಟ್ಟು ಕಲಿಸಿದೆ. ನಾನು ಮಂಗನ ಹಾಗೆ ಮುಖ ಮಾಡುವುದು, ಅವಳು ನಗುವುದು, ಕೈ ಏಳುವುದು. ಮೊದಲ ದಿನ ಮರೆತು ಮರೆತು ಅತ್ತಳು. ಐದಾರು ದಿನಗಳಲ್ಲಿ ನಗುವಿಗಿಂತ ಮೊದಲು ಕೈ ಏಳತೊಡಗಿತು.

ಎರಡನೇ ಕಡೆಯವರು ಬಂದಾಗ ಅವಳು ಬಾಯಿಗೆ ಕೈ ಹಿಡಿದೇ ನಕ್ಕಳು. "ಎಷ್ಟು ನಾಚಿಕೆ ನೋಡಿ ಈ ಸಣ್ಣದಕ್ಕೆ!" ಎಂದು ಅವರು ಮೆಚ್ಚಿಕೊಂಡರು. ಚಿಕ್ಕಮ್ಮನ ಮದುವೆ ಆಯಿತು. ಅಜ್ಜಿ ನನ್ನ ತಲೆ ನೇವರಿಸಿದರು. ಡಾಕ್ಟರ ಆ ಮದ್ದು ನಿಜಕ್ಕೂ ಗಟ್ಟಿ. ನಾನು ಮತ್ತೆ ಕೊಟ್ಟ ಬೆಲ್ಲವನ್ನೂ ತಡೆದುಕೊಂಡಿತು, ಹುಳುಕು ಮುಂದೆ ಹೋಗಲಿಲ್ಲ. ನನ್ನ ಬೆರಳಿನ ಕಪ್ಪು ಅಷ್ಟರಲ್ಲಿ ಚರ್ಮದ ಜೊತೆ ಸವೆದು ಹೋಗಿತ್ತು.

ಅವಳಿಗೆ ಆರು ತುಂಬಿದ ಮೇಲೆ ಕಪ್ಪು ಹಲ್ಲುಗಳು ಒಂದೊಂದಾಗಿ ಬಿದ್ದವು, ಒಂದನ್ನೂ ಕೀಳಬೇಕಾಗಲಿಲ್ಲ. ಬಿದ್ದಲ್ಲಿ ಹುಟ್ಟಿದವು ಸಾಲು ತಪ್ಪದ ಬಿಳಿ ಹಲ್ಲುಗಳು. ಒಂದು ಮಧ್ಯಾಹ್ನ ಕನ್ನಡಿಯ ಮುಂದಿನಿಂದ ಎದ್ದು ನನ್ನ ಹತ್ತಿರ ಬಂದಳು. ಆಗ ಅವಳಿಗೆ ಎಂಟು.

"ಈಗ ಕೈ ತೆಗೀಬಹುದಾ?" ಎಂದು ಕೇಳಿದಳು.

ಅವಳು ನಾಲ್ಕು ವರ್ಷ ಆ ಆಟ ಮುಗಿಯಲೆಂದು ಕಾಯುತ್ತಿದ್ದಳು ಎಂಬುದು ನನಗೆ ಆಗ ತಲೆಗೆ ಹೋಗಲಿಲ್ಲ. ನನಗೆ ಹದಿನಾಲ್ಕು ತುಂಬಿತ್ತು, ನನ್ನನ್ನೂ ನೋಡಲು ಬರತೊಡಗಿದ್ದರು. ಹೆಣ್ಣು ಹೇಗೆ ಕುಳಿತುಕೊಳ್ಳಬೇಕು, ಎಷ್ಟು ಮಾತಾಡಬೇಕು ಎಂದು ಅಜ್ಜಿ ಹಗಲಿಡೀ ಪಾಠ ಹೇಳುತ್ತಿದ್ದರು. ನಾನು ಆ ಪಾಠವನ್ನೇ ಅವಳ ಕಡೆ ದಾಟಿಸಿದೆ. ಅಲ್ಲದೆ ಅವತ್ತು ನನ್ನ ಕೈಯಲ್ಲಿ ಒಂದು ಹೊಸ ಪೊಟ್ಟಣದ ಕಾಗದವಿತ್ತು.

"ಇರ್ಲಿ ಬಿಡು. ಹಾಗೆ ನಗುದೇ ಚಂದ" ಎಂದೆ, ತಲೆ ಎತ್ತದೆ.

ಅವಳು ಹೊರಟುಹೋದಳು. ಮತ್ತೆ ಕೇಳಲಿಲ್ಲ. ಜೀವಮಾನದಲ್ಲಿ ನಾನು ಆಡಿದ ಕೆಟ್ಟ ಮಾತುಗಳಿಗೆ ಲೆಕ್ಕವಿಲ್ಲ, ನನ್ನ ನಾಲಗೆ ಹಾಗೆ. ಆದರೆ ವಾಪಸು ತೆಗೆದುಕೊಳ್ಳಬೇಕು ಎಂದು ಇವತ್ತಿಗೂ ಅನ್ನಿಸುವುದು ಆ ಒಂದು ಮಾತು.

ನಾನು ಮದುವೆಯಾಗಿ ಸುಳ್ಯಕ್ಕೆ ಹೋದೆ. ತಂಗಿಗೆ ಹದಿನಾರಕ್ಕೆ ಕಡಬದಲ್ಲಿ ಗಂಡು ಗೊತ್ತಾಯಿತು. ನೋಡಲು ಬಂದವರು ಒಪ್ಪಿದ್ದು ಬಾಯಿಗೆ ಕೈ ಹಿಡಿದು ನಗುವ ಅವಳ ಆ ನಡತೆಯನ್ನೇ ಎಂದು ಉಮ್ಮ ಹೇಳಿದರು. ವರ್ಷಕ್ಕೆ ಒಂದೆರಡು ಸಲ ತವರಿನಲ್ಲಿ ಸಿಗುತ್ತಿದ್ದೆವು. ಅಡುಗೆಮನೆಯಲ್ಲಿ ನಾವಿಬ್ಬರೇ ಇರುವಾಗಲೂ, ನಾನು ಯಾರನ್ನೋ ಅಣಕಿಸಿ ನಗಿಸಿದರೆ, ಅವಳ ಕೈ ಮೇಲೇಳುತ್ತಿತ್ತು. ಹಿಟ್ಟು ಮೆತ್ತಿರಲಿ, ಮೀನು ತೊಳೆಯುತ್ತಿರಲಿ, ಆ ಕೈಯೇ ಬಾಯಿಗೆ. ಒಮ್ಮೆ ನಾನು ಸಿಟ್ಟಿನಿಂದ ಅವಳ ಕೈಯನ್ನು ಹಿಡಿದು ಕೆಳಕ್ಕೆ ಎಳೆದೆ. ನಗು ಅಲ್ಲೇ ನಿಂತಿತು, ತುಟಿ ಮುಚ್ಚಿಕೊಂಡಿತು. ಅವಳು ಹೆದರಿದವಳಂತೆ ನನ್ನನ್ನು ನೋಡಿದಳು. ನಾನು ಕೈ ಬಿಟ್ಟೆ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಹೆರಿಗೆಯಾಗಿ ಜ್ವರ ಏರಿದೆ, ಕೂಡಲೇ ಬರಬೇಕು ಎಂದು ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ್ದರು. ಸುಳ್ಯದಿಂದ ನಾನು ಕಡಬ ಮುಟ್ಟುವಷ್ಟರಲ್ಲಿ ಮನೆಯ ಅಂಗಳದಲ್ಲಿ ಗಂಡಸರು ಗುಂಪಾಗಿ ನಿಂತಿದ್ದರು. ಒಳಗೆ ಯಾರದೋ ತೋಳಿನಲ್ಲಿ ಮಗು ಅಳುತ್ತಿತ್ತು. ಉಮ್ಮ ಗೋಡೆಗೆ ಒರಗಿ ಕುಳಿತಿದ್ದರು, ಕೈಬೆರಳುಗಳು ಬೀಡಿ ಸುತ್ತುವ ಹಾಗೆ ತಮ್ಮಷ್ಟಕ್ಕೆ ಆಡುತ್ತಿದ್ದವು. ತಂಗಿಯ ಅತ್ತೆ ನನ್ನ ಕೈ ಹಿಡಿದು ಅತ್ತರು. ಒಳ್ಳೆಯ ಹೆಂಗಸು, ಮನಸ್ಸಿನಿಂದಲೇ ಅತ್ತರು.

"ಎಂತಹ ಹುಡುಗಿ ಅವಳು! ಎರಡು ವರ್ಷದಲ್ಲಿ ಒಂದು ದಿನ ಹಲ್ಲು ಕಾಣುವ ಹಾಗೆ ನಕ್ಕವಳಲ್ಲ. ಒಳಗೆ ಗಂಡನ ಹತ್ತಿರವೂ ಹಾಗೇ ಅಂತೆ" ಎಂದರು.

ಹೊಗಳಿಕೆಯೆಂದೇ ಹೇಳಿದ್ದು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು.

ಮಯ್ಯತ್ತನ್ನು, ಅಂದರೆ ತಂಗಿಯ ದೇಹವನ್ನು, ಮೀಯಿಸಲು ಊರಿನ ಇಬ್ಬರು ಹಿರಿಯ ಹೆಂಗಸರು ಬಂದಿದ್ದರು. ಮನೆಯವರು ಒಬ್ಬರು ಸೇರಿಕೊಳ್ಳಬಹುದು ಎಂದಾಗ ನಾನು ಎದ್ದೆ. ಉಮ್ಮನಿಂದ ಆಗುವ ಹಾಗಿರಲಿಲ್ಲ. ಬಟ್ಟೆ ಮರೆ ಕಟ್ಟಿದ ಹಿತ್ತಿಲ ಕೋಣೆಯಲ್ಲಿ ಅವಳನ್ನು ಹಲಗೆಯ ಮೇಲೆ ಮಲಗಿಸಿದ್ದರು. ಸ್ನಾನದಲ್ಲಿ ಹಲ್ಲು ಶುಚಿ ಮಾಡುವ ಒಂದು ಕ್ರಮವಿದೆ. ಹಿರಿಯ ಹೆಂಗಸು ಒಂದು ಬಿಳಿ ತುಂಡುಬಟ್ಟೆಯನ್ನು ನೀರಿನಲ್ಲಿ ಅದ್ದಿ ನನ್ನ ಕೈಗೆ ಕೊಟ್ಟು, "ಎಡಗೈಯ ತೋರುಬೆರಳಿಗೆ ಸುತ್ತಿಕೋ. ತುಟಿ ಮೆಲ್ಲ ಎತ್ತಿ ಒರೆಸು" ಎಂದರು.

ಹಿಂದೆ ಬೆಲ್ಲದ ಗಂಟು ಕಟ್ಟುತ್ತಿದ್ದದ್ದು ಅಂಥದೇ ಬಟ್ಟೆ. ಬೆರಳೂ ಅದೇ. ಬೆರಳಿಗೆ ಬಟ್ಟೆ ಸುತ್ತಿಕೊಂಡು ತುಟಿ ಎತ್ತಿದೆ. ಎಷ್ಟು ಚಂದದ ಹಲ್ಲುಗಳು! ಬಿಳಿ, ಸಾಲಾಗಿ, ಒಂದರಲ್ಲೂ ಒಂದು ಚುಕ್ಕೆಯಿಲ್ಲ. ಅವು ಪೂರ್ತಿ ಬೆಳೆದ ಮೇಲೆ ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲನೆ ಒರೆಸಿದೆ. ಮತ್ತೆ ಒರೆಸಿದೆ.

"ಸಾಕು ಮಗಳೇ, ಆಯ್ತು" ಎಂದರು ಹಿರಿಯ ಹೆಂಗಸು.

"ಈಗ ಕೈ ತೆಗೀಬಹುದು" ಎಂದು ನಾನು ಅವಳಿಗೆ ಹೇಳಿದೆ. ಹೆಂಗಸರಿಗೆ ಎಂತದೆಂದು ಅರ್ಥವಾಗಲಿಲ್ಲ. ನಾನು ತುಟಿಯನ್ನು ಎತ್ತಿ ಹಿಡಿದುಕೊಂಡೇ ಕಾದೆ. ಅವಳ ಬಲಗೈ ಹಲಗೆಯ ಮೇಲೆ ಪಕ್ಕದಲ್ಲಿತ್ತು, ಮೇಲೇಳಲಿಲ್ಲ.